ಪರಿಸರ, ಸಮಾಜ ಕ್ಷೇತ್ರದ ಹೊಸಬರಿಗೆ ನಾಯಕತ್ವ ಫೆಲೋಶಿಪ್: ಆಯ್ಕೆ, ಅರ್ಜಿ, ಆಮೇಲಿನ ವರ್ಷ

ಪರಿಸರ ಅಥವಾ ಸಾಮಾಜಿಕ ಬದಲಾವಣೆಯ ಕೆಲಸಕ್ಕೆ ಇಳಿದ ಮೂರ್ನಾಲ್ಕು ವರ್ಷಕ್ಕೆ ಒಂದು ತಿರುವು ಬರುತ್ತದೆ. ಅಲ್ಲಿಯವರೆಗೆ ನೀವು ನೀರಿನ ಮಾದರಿ ತೆಗೆದಿರುತ್ತೀರಿ, ಮನೆ ಮನೆ ಸಮೀಕ್ಷೆ ಮಾಡಿರುತ್ತೀರಿ, ವರದಿ ಬರೆದಿರುತ್ತೀರಿ. ಒಂದು ದಿನ ಇಬ್ಬರು ಹೊಸಬರನ್ನು ನಿಮ್ಮ ಕೈಕೆಳಗೆ ಹಾಕುತ್ತಾರೆ. ಅನುದಾನ ಕೊಟ್ಟವರ ಜೊತೆ ನೀವೇ ಮಾತಾಡಿ ಅನ್ನುತ್ತಾರೆ. ಜಗಳವಾಡುತ್ತಿರುವ ಎರಡು ಗುಂಪುಗಳ ನಡುವೆ ನಿಮ್ಮನ್ನು ಕೂರಿಸುತ್ತಾರೆ. ಮಾದರಿ ತೆಗೆಯುವುದನ್ನು ಕಲಿಸಿದವರಿದ್ದರು, ಇದನ್ನು ಯಾರೂ ಕಲಿಸಿರುವುದಿಲ್ಲ. ಆಯ್ದ ಕೆಲವರನ್ನು ಒಂದು ಬ್ಯಾಚಾಗಿ ಸೇರಿಸಿ ತರಬೇತಿ, ಬೆಂಬಲ ಕೊಡುವ ನಾಯಕತ್ವ ಫೆಲೋಶಿಪ್‌ಗಳು ಇರುವುದು ಈ ಹಂತಕ್ಕೆ.

ಒಳ್ಳೆಯ ಫೆಲೋಶಿಪ್ ಕೆಲಸದಿಂದ ಒಂದಿಷ್ಟು ದೂರ ನಿಂತು ನೋಡುವ ಸಮಯ ಕೊಡುತ್ತದೆ, ನಿಮ್ಮಂಥದೇ ಹೊರೆ ಹೊತ್ತವರ ಬ್ಯಾಚ್ ಕೊಡುತ್ತದೆ, ತಪ್ಪಿದ್ದರೆ ಮುಖಕ್ಕೆ ಹೇಳುವ ಒಬ್ಬ ಕೋಚ್ ಕೊಡುತ್ತದೆ. ಆದರೆ ಬಿಡಿಸಲಾಗದ ಒಂದು ನಿಜವಾದ ಗಂಟನ್ನು ಕೈಯಲ್ಲಿ ಹಿಡಿದುಕೊಂಡು ಹೋದವರಿಗೇ ಇವೆಲ್ಲ ಉಪಯೋಗಕ್ಕೆ ಬರುವುದು. ಸಿವಿಯಲ್ಲಿ ಒಂದು ಸಾಲು ಸೇರಲಿ ಎಂದು ಹೋದವರು ವರ್ಷದ ಕೊನೆಗೆ ಪ್ರಮಾಣಪತ್ರ, ಗುಂಪು ಫೋಟೊ ಹಿಡಿದು ಬರುತ್ತಾರೆ. ಹಾಗಾಗಿ ಅರ್ಜಿ ನಮೂನೆ ತೆರೆಯುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಅದರಿಂದಲೇ ಶುರು ಮಾಡೋಣ.

ಮೊದಲು ನಿಮ್ಮ ಗಂಟನ್ನು ಬರೆದಿಡಿ

ಕೊನೆಯ ದಿನಾಂಕಕ್ಕೆ 5 ತಿಂಗಳು ಇರುವಾಗ ಒಂದು ಸಂಜೆ ಕೂತು ಒಂದೇ ಪುಟ ಬರೆಯಿರಿ. ಕಳೆದ 6 ತಿಂಗಳಲ್ಲಿ ಕೆಲಸ ಎಲ್ಲೆಲ್ಲಿ ನಿಂತಿತು? ಪ್ರತಿ ಸಲವೂ ಮಾಹಿತಿ ಸಾಲದೆ ನಿಂತಿತೇ, ಹಣ ಸಾಲದೆ ನಿಂತಿತೇ, ಅಥವಾ ಜನ ಒಪ್ಪದೆ ನಿಂತಿತೇ? ನೀವು ಹೇಳಬೇಕಾಗಿದ್ದೂ ಹೇಳದೆ ನುಂಗಿಕೊಂಡ ಮಾತು ಯಾವುದು, ಯಾರ ಎದುರು?

ಹಾರ್ವರ್ಡ್‌ನ ಕೆನೆಡಿ ಸ್ಕೂಲ್‌ನಲ್ಲಿ ನಾಯಕತ್ವ ಕಲಿಸಿದ ರೊನಾಲ್ಡ್ ಹೈಫೆಟ್ಜ್ ಸಮಸ್ಯೆಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು, ಬಲ್ಲವರನ್ನು ಕರೆಸಿದರೆ ಬಗೆಹರಿಯುವ ತಾಂತ್ರಿಕ ಸಮಸ್ಯೆ. ಇನ್ನೊಂದು, ಅದರಲ್ಲಿ ಸಿಕ್ಕಿಕೊಂಡ ಜನ ತಮ್ಮ ರೂಢಿಯನ್ನೋ ಲಾಭವನ್ನೋ ಕೊಂಚ ಬಿಟ್ಟುಕೊಡದೆ ಬಗೆಹರಿಯದ ಸಮಸ್ಯೆ. ನಿಮ್ಮ ಪಟ್ಟಿಯಲ್ಲಿ ಮೊದಲನೇ ಬಗೆಯವೇ ಹೆಚ್ಚಿದ್ದರೆ ನಾಯಕತ್ವ ಫೆಲೋಶಿಪ್ ಬೇಡ. ಜಿಐಎಸ್ (ಮಾಹಿತಿಯನ್ನು ನಕ್ಷೆಯ ಮೇಲೆ ಇಟ್ಟು ನೋಡುವ ತಂತ್ರ), ಅಂಕಿಅಂಶ, ಪ್ರಸ್ತಾವನೆ ಬರೆಯುವುದು ಇಂಥ ಒಂದು ಸಣ್ಣ ಕೋರ್ಸ್ ಸಾಕು, ಒಂದು ವರ್ಷವೂ ಉಳಿಯುತ್ತದೆ. ಎರಡನೇ ಬಗೆಯವು ಹೆಚ್ಚಿದ್ದರೆ ಮುಂದೆ ಓದಿ. ಬರೆದ ಪುಟವನ್ನು ಎಸೆಯಬೇಡಿ. ಪ್ರಬಂಧ, ಸಂದರ್ಶನ, ಮೊದಲ ಶಿಬಿರ ಮೂರಕ್ಕೂ ಅದೇ ಬಂಡವಾಳ.

ಯಾವ ಬಗೆಯ ಫೆಲೋಶಿಪ್?

‘ಫೆಲೋಶಿಪ್’ ಎಂಬ ಒಂದೇ ಹೆಸರಿನಡಿ ಐದಾರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಗೊಂದಲ ಹುಟ್ಟುವುದೇ ಇಲ್ಲಿ.

ಇದ್ದ ಉದ್ಯೋಗದಲ್ಲೇ ಇದ್ದು, ವರ್ಷದಲ್ಲಿ ಕೆಲವು ಸಲ ವಸತಿ ಶಿಬಿರಕ್ಕೆ ಹೋಗಿ ಬರುವಂಥವು ಒಂದು ಬಗೆ. ಅಮೆರಿಕದ ಎನ್ವಿರಾನ್‌ಮೆಂಟಲ್ ಲೀಡರ್‌ಶಿಪ್ ಪ್ರೋಗ್ರಾಂ, ಹಲವು ದೇಶಗಳಲ್ಲಿ ನಡೆಯುವ ಅಕ್ಯುಮೆನ್ ಫೆಲೋಶಿಪ್ ಈ ಜಾತಿಯವು. ವೃತ್ತಿಯ ಆರಂಭದಲ್ಲಿರುವ ಹೆಚ್ಚಿನವರಿಗೆ ಹೊಂದುವುದು ಇದೇ. ಕಲಿತದ್ದನ್ನು ಮರುವಾರವೇ ಕಚೇರಿಯಲ್ಲಿ ಪ್ರಯೋಗಿಸಿ ನೋಡಬಹುದು.

ಸ್ವಂತ ಸಂಸ್ಥೆ ಕಟ್ಟುವವರಿಗೆ ಹಣ ಕೊಟ್ಟು ಬೆನ್ನಿಗೆ ನಿಲ್ಲುವಂಥವು ಇನ್ನೊಂದು ಬಗೆ. 1987ರಲ್ಲಿ ಶುರುವಾದ ಎಕೋಯಿಂಗ್ ಗ್ರೀನ್ ಇನ್ನೂ ಮೊಳಕೆಯ ಹಂತದಲ್ಲಿರುವ ಸಂಸ್ಥಾಪಕರನ್ನು ಆರಿಸುತ್ತದೆ. 1980ರಲ್ಲಿ ಬಿಲ್ ಡ್ರೇಟನ್ ಕಟ್ಟಿದ ಅಶೋಕ ಸಂಸ್ಥೆ ಹೊಸ ಪರಿಹಾರವೊಂದನ್ನು ವ್ಯವಸ್ಥೆಯ ಮಟ್ಟಕ್ಕೆ ಒಯ್ಯಬಲ್ಲ ಸಾಮಾಜಿಕ ಉದ್ಯಮಿಗಳನ್ನು ಹುಡುಕುತ್ತದೆ. ಬೇರೆಯವರ ಸಂಸ್ಥೆಯಲ್ಲಿ ಕಾರ್ಯಕ್ರಮ ಸಂಯೋಜಕರಾಗಿರುವವರು ಇವಕ್ಕೆ ಅರ್ಜಿ ಹಾಕಿ ಎರಡು ತಿಂಗಳು ಕಳೆಯುವುದರಲ್ಲಿ ಅರ್ಥವಿಲ್ಲ.

ಮೂರನೆಯದು ತಂಡದ ಯೋಜನೆಗೆ ಸಿಗುವಂಥದು. 1985ರಿಂದ ನಡೆದುಬಂದಿರುವ ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರಾಂ ಸಂರಕ್ಷಣಾ ಕ್ಷೇತ್ರದ ಹೊಸಬರಿಗೆಂದೇ ಇದೆ. ಇಲ್ಲಿ ಒಬ್ಬರೇ ಅರ್ಜಿ ಹಾಕುವಂತಿಲ್ಲ, ಕನಿಷ್ಠ 3 ಜನರ ತಂಡ ಬೇಕು. ಇಂಥ ಕಡೆ ಅರ್ಜಿಯ ಗುಣಕ್ಕಿಂತ ಮುಂಚೆ ತಂಡದ ಗುಣ ನೋಡಿಕೊಳ್ಳಿ. ಹೆಸರಿಗೆ ಸೇರಿಸಿದ ಮೂರನೆಯವರು ನಡುವೆ ಕೈಬಿಟ್ಟರೆ ಹೊರೆ ಉಳಿದಿಬ್ಬರ ತಲೆಗೆ.

ಪದವಿಯ ಜೊತೆ ಬರುವಂಥವೂ ಇವೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ 1983ರಿಂದ ಇದೆ. ಅದು ಸ್ನಾತಕೋತ್ತರ ವಿದ್ಯಾರ್ಥಿವೇತನವಾದರೂ ಆರಿಸುವುದು ನಾಯಕತ್ವದ ಗುಣ ನೋಡಿ. 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತದೆ, ಓದು ಮುಗಿದ ಮೇಲೆ 2 ವರ್ಷ ಸ್ವದೇಶದಲ್ಲಿರಬೇಕು. ಇನ್ನು ನಿರ್ದಿಷ್ಟ ಗುಂಪಿಗೆ ಮೀಸಲಾದವು: ವಿಜ್ಞಾನ ಹಿನ್ನೆಲೆಯ ಮಹಿಳೆಯರಿಗಾಗಿ ನಡೆಯುವ ಹೋಮ್‌ವರ್ಡ್ ಬೌಂಡ್ ತನ್ನ ಮೊದಲ ಬ್ಯಾಚನ್ನು 2016ರಲ್ಲಿ ಅಂಟಾರ್ಕ್ಟಿಕಾಕ್ಕೆ ಕರೆದೊಯ್ದಿತು. ಆಫ್ರಿಕಾದ ಯುವ ನಾಯಕರಿಗೆಂದು 2014ರಲ್ಲಿ ಶುರುವಾದ ಮಂಡೇಲಾ ವಾಷಿಂಗ್ಟನ್ ಫೆಲೋಶಿಪ್ ಮುಖ್ಯವಾಗಿ 25ರಿಂದ 35 ವಯಸ್ಸಿನವರಿಗೆಂದು ರೂಪಿಸಿದ್ದು. ಹೆಸರು ಕೇಳಿ ಹಿಗ್ಗುವ ಮುಂಚೆ ಈ ವರ್ಷ ಅರ್ಜಿ ಕರೆದಿದ್ದಾರೆಯೇ ನೋಡಿ. ಹಣದ ಮೂಲ ಬತ್ತಿದರೆ ದಶಕಗಳ ಕಾರ್ಯಕ್ರಮವೂ ಒಂದೆರಡು ವರ್ಷ ನಿಲ್ಲುವುದುಂಟು.

ಕೊನೆಯ ಬಗೆಯ ಬಗ್ಗೆ ಎಚ್ಚರ ಬೇಕು. ಒಂದು ಸಂಸ್ಥೆಯಲ್ಲಿ ವರ್ಷಕಾಲ ಪೂರ್ಣಾವಧಿ ದುಡಿಸಿಕೊಂಡು, ಸಂಬಳದ ಬದಲು ಸ್ಟೈಪೆಂಡ್ ಎಂಬ ಭತ್ಯೆ ಕೊಟ್ಟು, ಅದಕ್ಕೆ ನಾಯಕತ್ವ ಫೆಲೋಶಿಪ್ ಎಂದು ಹೆಸರಿಡುತ್ತಾರೆ. ಇವುಗಳಲ್ಲಿ ಪ್ರಾಮಾಣಿಕವಾದವೂ ಇವೆ, ಕಡಿಮೆ ಕೂಲಿಯ ಉದ್ಯೋಗಕ್ಕೆ ಬಣ್ಣ ಬಳಿದವೂ ಇವೆ. ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ವರ್ಷದಲ್ಲಿ ತರಬೇತಿಗೆಂದೇ ಮೀಸಲಾದ ದಿನ ಎಷ್ಟು, ಆ ದಿನಗಳಲ್ಲಿ ಯಾರು ಏನು ಕಲಿಸುತ್ತಾರೆ? ದಿನಗಳ ಪಟ್ಟಿ ಕೊಡದೆ ‘ಕೆಲಸ ಮಾಡುತ್ತಲೇ ಕಲಿಯುತ್ತೀರಿ’ ಎಂದರೆ ಅದು ಉದ್ಯೋಗ. ಉದ್ಯೋಗದ ತಕ್ಕಡಿಯಲ್ಲೇ ತೂಗಿ: ಸಂಬಳ, ರಜೆ, ವಿಮೆ.

ಅರ್ಹತೆಯ ಸಾಲುಗಳನ್ನು ಎರಡು ಸಲ ಓದಿ

‘ವೃತ್ತಿಯ ಆರಂಭ’ ಎಂದರೆ ಒಂದು ಕಡೆ ಇಷ್ಟು ವಯಸ್ಸಿನ ಒಳಗೆ, ಇನ್ನೊಂದು ಕಡೆ ಇಷ್ಟು ವರ್ಷದ ಅನುಭವದ ಒಳಗೆ. ಅಮೆರಿಕದ ಹಂಫ್ರಿ ಫೆಲೋಶಿಪ್ 1978ರಿಂದ ಇರುವುದು ವೃತ್ತಿಯ ನಡುಹಂತದವರಿಗೆ. ಅದನ್ನು ಹೊಸಬರ ಪಟ್ಟಿಯಲ್ಲಿ ಸೇರಿಸಿ ಹಂಚುವವರಿದ್ದಾರೆ, ನಂಬಿ ಅರ್ಜಿ ಹಾಕಿದವರು ಮೊದಲ ಜರಡಿಯಲ್ಲೇ ಉದುರುತ್ತಾರೆ. ನೋಡಬೇಕಾದವು: ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ, ಸಂಬಳವಿಲ್ಲದ ಸ್ವಯಂಸೇವೆ ಅನುಭವವೆನಿಸುತ್ತದೆಯೇ, ಅರೆಕಾಲಿಕ ದುಡಿಮೆಯನ್ನು ಹೇಗೆ ಎಣಿಸುತ್ತಾರೆ, ಓದಿನ ನಡುವಿನ ಇಂಟರ್ನ್‌ಶಿಪ್ ಸೇರುತ್ತದೆಯೇ. ನಿಯಮ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿದ್ದರೆ ಎರಡು ಸಾಲಿನ ಇ-ಮೇಲ್ ಹಾಕಿ ಕೇಳಿ. ಕೇಳಿದ್ದಕ್ಕೆ ಅಂಕ ಕಳೆಯುವುದಿಲ್ಲ. ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ಸಮಯದ ಲೆಕ್ಕ

ಫೆಲೋಶಿಪ್ ನಡುವೆ ಬಿಟ್ಟವರನ್ನು ಕೇಳಿದರೆ ಬುದ್ಧಿ ಸಾಲಲಿಲ್ಲ ಎನ್ನುವವರು ಸಿಗುವುದಿಲ್ಲ, ಸಮಯ ಸಾಲಲಿಲ್ಲ ಎನ್ನುವವರೇ ಎಲ್ಲ. ಪ್ರಕಟಣೆಯಲ್ಲಿ ‘3 ಶಿಬಿರ, ತಿಂಗಳಿಗೊಂದು ಆನ್‌ಲೈನ್ ತರಗತಿ’ ಎಂದಿರುತ್ತದೆ. ಹಗುರವಾಗಿ ಕಾಣುತ್ತದೆ. 9 ತಿಂಗಳ ಒಂದು ಮಾದರಿ ಕಾರ್ಯಕ್ರಮವನ್ನು ಕಾಗದದ ಮೇಲೆ ಬಿಡಿಸಿ ನೋಡೋಣ.

4 ದಿನದ 3 ಶಿಬಿರ, ಪ್ರತಿಯೊಂದಕ್ಕೂ ಹೋಗಿಬರಲು 2 ದಿನ: 18 ದಿನ. ತಿಂಗಳಿಗೆ 2 ಗಂಟೆಯ ತರಗತಿ: 18 ಗಂಟೆ. ತಿಂಗಳಿಗೊಮ್ಮೆ ಒಂದೂವರೆ ಗಂಟೆಯ ಸಣ್ಣ ಗುಂಪಿನ ಸಭೆ: 13.5 ಗಂಟೆ. ಕೋಚ್ ಜೊತೆ 6 ಗಂಟೆ. ಸ್ವಂತ ಪ್ರಾಜೆಕ್ಟಿಗೆ ವಾರಕ್ಕೆ 4 ಗಂಟೆಯಂತೆ 36 ವಾರ: 144 ಗಂಟೆ. ಗಂಟೆಗಳೆಲ್ಲ ಕೂಡಿ 181.5. ದಿನಕ್ಕೆ 8ರಂತೆ ಭಾಗಿಸಿದರೆ ಸುಮಾರು 23 ದಿನ. ಶಿಬಿರದ 18 ಸೇರಿಸಿದರೆ 41. ಅಂದರೆ ಎರಡು ತಿಂಗಳ ಕೆಲಸದ ದಿನಗಳು. ಇವು ಎಲ್ಲಿಂದ ಬರುತ್ತವೆ? ನಿಮ್ಮ ರಜೆಯಿಂದಲೋ, ನಿದ್ದೆಯಿಂದಲೋ, ಸಂಸ್ಥೆಯ ಸಮಯದಿಂದಲೋ? ಇದಕ್ಕೆ ಉತ್ತರ ಸಿಗದೆ ಅರ್ಜಿ ಹಾಕಬೇಡಿ.

ಹಣದ ಲೆಕ್ಕವೂ ಹೀಗೆಯೇ. ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ಪ್ರಯಾಣಕ್ಕೆ ಮುಂಗಡ ಕೊಡುತ್ತಾರೋ, ಬಿಲ್ಲು ಕೊಟ್ಟ ಮೇಲೆ ತುಂಬುತ್ತಾರೋ? ವೀಸಾ ಯಾರ ಲೆಕ್ಕದಲ್ಲಿ? ಸಂಬಳವಿಲ್ಲದ ರಜೆ ಎಷ್ಟಾದೀತು? ಚಿಕ್ಕ ಮಕ್ಕಳಿರುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು ಆ ವ್ಯವಸ್ಥೆಯ ಖರ್ಚಿಗೆ ನೆರವಿದೆಯೇ ಎಂದು ನೇರವಾಗಿ ಕೇಳಬೇಕು. ಕೆಲವು ಕಾರ್ಯಕ್ರಮಗಳಲ್ಲಿ ಇದಕ್ಕೆ ಹಣ ಇರುತ್ತದೆ, ಆದರೆ ಪ್ರಕಟಣೆಯಲ್ಲಿ ಬರೆದಿರುವುದಿಲ್ಲ.

ಮ್ಯಾನೇಜರ್ ಜೊತೆ ಮಾತು, ಅದೂ ಲಿಖಿತವಾಗಿ

ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ಹೆಜ್ಜೆ ಇದು. ಆಯ್ಕೆಯಾದ ಮೇಲೆ ಹೇಳಿದರಾಯಿತು ಎಂದುಕೊಳ್ಳುತ್ತಾರೆ. ಮ್ಯಾನೇಜರ್ ಕೂಡ ‘ಸಂತೋಷ, ಹೋಗಿ ಬನ್ನಿ’ ಅನ್ನುತ್ತಾರೆ. ಆದರೆ ಕೆಲಸದ ಪಟ್ಟಿಯಿಂದ ಒಂದು ಸಾಲೂ ಕಡಿಮೆಯಾಗುವುದಿಲ್ಲ. ನಾಲ್ಕನೇ ತಿಂಗಳಿಗೆ ವರದಿಯ ಗಡುವೂ ಎರಡನೇ ಶಿಬಿರವೂ ಒಂದೇ ವಾರದಲ್ಲಿ ಬಂದು ನಿಲ್ಲುತ್ತವೆ. ಸಹೋದ್ಯೋಗಿಗಳ ಮುಖ ಬಾಡುತ್ತದೆ, ಯಾಕೆಂದರೆ ನಿಮ್ಮ ಪಾಲಿನ ಫೀಲ್ಡ್ ಓಡಾಟ ಅವರ ಹೆಗಲಿಗೆ ಬಿದ್ದಿರುತ್ತದೆ.

ಅರ್ಜಿಗೆ ಮುಂಚೆಯೇ ಮೇಲಿನ ಸಮಯದ ಲೆಕ್ಕ ಹಿಡಿದುಕೊಂಡು ಹೋಗಿ ಅರ್ಧ ಗಂಟೆ ಕೂತು ಮಾತಾಡಿ. ನಾಲ್ಕು ವಿಷಯಕ್ಕೆ ಸ್ಪಷ್ಟ ಉತ್ತರ ಬೇಕು: ಶಿಬಿರದ ದಿನಗಳು ಕೆಲಸದ ದಿನಗಳೇ, ರಜೆಯೇ? ನನ್ನ ಯಾವ ಜವಾಬ್ದಾರಿಯನ್ನು ಈ 9 ತಿಂಗಳು ಯಾರು ಹೊರುತ್ತಾರೆ? ಫೆಲೋಶಿಪ್ ಪ್ರಾಜೆಕ್ಟ್ ನಮ್ಮ ಸಂಸ್ಥೆಯದೇ ಒಂದು ಕೆಲಸವಾಗಬಹುದೇ? ಕಲಿತದ್ದನ್ನು ತಂಡಕ್ಕೆ ಯಾವಾಗ, ಹೇಗೆ ಹಂಚಬೇಕು? ಮಾತಾದ ಸಂಜೆಯೇ ‘ಇವತ್ತು ನಾವು ಒಪ್ಪಿಕೊಂಡದ್ದು ಹೀಗೆ’ ಎಂದು ಆರು ಸಾಲಿನ ಮೇಲ್ ಕಳಿಸಿ. ಮ್ಯಾನೇಜರ್ ಬದಲಾಗುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಹೊಸಬರು ಬಂದಾಗ ಬಾಯಿಮಾತಿನ ಒಪ್ಪಂದ ಗಾಳಿಗೆ ಹೋಗುತ್ತದೆ, ಮೇಲ್ ಉಳಿಯುತ್ತದೆ.

ಒಬ್ಬರೇ ದುಡಿಯುವವರು, ಸಣ್ಣ ಸಂಘಟನೆಯವರು ಇದೇ ಮಾತನ್ನು ತಮ್ಮ ಜೊತೆಗಾರರ ಹತ್ತಿರ, ಮನೆಯವರ ಹತ್ತಿರ ಆಡಬೇಕಾಗುತ್ತದೆ. ನಿಯಮ ಅದೇ.

ಹಳೆಯ ಫೆಲೋಗಳನ್ನು ಕೇಳಿ

ಕನಿಷ್ಠ ಇಬ್ಬರನ್ನು ಹುಡುಕಿ. ಸಂಸ್ಥೆಯವರೇ ಸೂಚಿಸಿದವರು ಹೊಗಳುವುದು ಸಹಜ, ಆದ್ದರಿಂದ ಎರಡನೆಯವರನ್ನು ನೀವೇ ಹುಡುಕಿ. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರವೇ ಬರುವುದು. ಹೀಗೆ ಕೇಳಿ: ಕಳೆದ 3 ತಿಂಗಳಲ್ಲಿ ನಿಮ್ಮ ಬ್ಯಾಚಿನ ಎಷ್ಟು ಜನರ ಜೊತೆ ಫೋನಿನಲ್ಲಿ ಮಾತಾಡಿದ್ದೀರಿ, ಯಾವ ವಿಷಯಕ್ಕೆ? ಶಿಬಿರದಲ್ಲಿ ಕಲಿತದ್ದರಲ್ಲಿ ಈಗಲೂ ಬಳಸುವುದು ಯಾವುದು? ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ನಡುವೆ ಬಿಟ್ಟರು, ಯಾಕೆ? ಶಿಬಿರದಲ್ಲಿ ಯಾರ ಮಾತು ಹೆಚ್ಚು ನಡೆಯುತ್ತಿತ್ತು? ಕೊನೆಯ ಪ್ರಶ್ನೆ ಮುಖ್ಯ. ತಳಮಟ್ಟದ ಸಂಘಟನೆಯಿಂದ ಬಂದವರು, ಇಂಗ್ಲಿಷ್ ಸಲೀಸಾಗಿ ಬಾರದವರು ಮೂಲೆಯಲ್ಲಿ ಕೂರುವಂಥ ಶಿಬಿರವಾದರೆ ಅವರಿಗೆ ನಷ್ಟ, ಅವರ ಮಾತು ಕೇಳದೆ ಹೋದ ಉಳಿದವರಿಗೂ ನಷ್ಟ.

ಪ್ರಬಂಧ: ಒಂದು ನಿರ್ಧಾರವನ್ನು ಹತ್ತಿರದಿಂದ ತೋರಿಸಿ

ಕೊನೆಯ ದಿನಾಂಕಕ್ಕೆ 6 ವಾರ ಇರುವಾಗ ಬರೆಯಲು ಕೂರಬೇಕು. ಪ್ರಶ್ನೆಗಳ ಮಾತು ಬೇರೆ ಬೇರೆ ಇದ್ದರೂ ಕೇಳುವುದು ಹೆಚ್ಚುಕಡಿಮೆ ನಾಲ್ಕನ್ನೇ: ನೀವು ಬದಲಿಸಹೊರಟಿರುವುದು ಏನು, ಈವರೆಗೆ ಹೇಗೆ ಮುಂದಾಳಾಗಿ ನಿಂತಿದ್ದೀರಿ, ಈಗ ನಿಮಗೆ ಏನು ಕಡಿಮೆಯಾಗಿದೆ, ಬ್ಯಾಚಿಗೆ ನೀವು ಏನು ಕೊಡುತ್ತೀರಿ.

ಅರ್ಜಿಗಳ ರಾಶಿ ಓದುವವರ ಮುಂದೆ ಮತ್ತೆ ಮತ್ತೆ ಬರುವ ಪ್ಯಾರಾ ಹೀಗಿರುತ್ತದೆ:

‘ಸಮುದಾಯಗಳನ್ನು ಸಬಲೀಕರಿಸಿ ಸುಸ್ಥಿರ ತ್ಯಾಜ್ಯ ನಿರ್ವಹಣೆಯನ್ನು ಜಾರಿಗೊಳಿಸುವಲ್ಲಿ ನಾನು ಮಹತ್ವದ ಪಾತ್ರ ವಹಿಸಿದ್ದೇನೆ. ವಿವಿಧ ಭಾಗೀದಾರರೊಂದಿಗೆ ಸಮನ್ವಯ ಸಾಧಿಸಿ, ಸವಾಲುಗಳನ್ನು ಎದುರಿಸಿ, ಸಕಾರಾತ್ಮಕ ಬದಲಾವಣೆ ತಂದಿದ್ದೇನೆ.’

ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಅದೇ ಕೆಲಸವನ್ನು ಹೀಗೆ ಹೇಳಬಹುದು:

‘340 ಮನೆಗಳಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸುವುದು ನಾಲ್ಕನೇ ತಿಂಗಳಿಗೆ ನಿಂತೇಹೋಯಿತು. ಇನ್ನಷ್ಟು ಕರಪತ್ರ ಹಂಚೋಣ ಎಂದಿತು ತಂಡ. ನಾನು ಮೂರು ದಿನ ಬೆಳಗ್ಗೆ ಕಸದ ಗಾಡಿಯ ಹಿಂದೆ ನಡೆದೆ. ಮನೆಯವರು ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯವರು ಒಟ್ಟಿಗೆ ಸುರಿಯುತ್ತಿದ್ದರು, ಗಾಡಿಯಲ್ಲಿ ಎರಡನೇ ಅರೆಯೇ ಇರಲಿಲ್ಲ. ಕರಪತ್ರದ ಹಣದಲ್ಲಿ ಗಾಡಿಯೊಳಗೆ ಅಡ್ಡಹಲಗೆ ಹಾಕಿಸೋಣ ಎಂದು ಮ್ಯಾನೇಜರ್ ಹತ್ತಿರ ವಾದಿಸಿದೆ, ಒಪ್ಪಿಸಲು ಎರಡು ವಾರ ಹಿಡಿಯಿತು. ಗಾಡಿಯ ಕೆಲಸಗಾರರನ್ನು ಮೊದಲ ಸಭೆಗೇ ಕರೆಯದೆ ಇದ್ದದ್ದು ನನ್ನ ತಪ್ಪು. ದೊಡ್ಡವರ ಎದುರು ಭಿನ್ನಾಭಿಪ್ರಾಯ ಹೇಳಲು ನಾನು ಇನ್ನೂ ತಡಮಾಡುತ್ತೇನೆ, ಕಲಿಯಬೇಕಾಗಿರುವುದು ಇದು.’

ಎರಡನೆಯದರಲ್ಲಿ ಸಾಧನೆ ಸಣ್ಣದು, ಒಂದು ಗಾಡಿಗೆ ಒಂದು ಅಡ್ಡಹಲಗೆ. ಆದರೆ ಓದುವವರಿಗೆ ಒಬ್ಬ ಮನುಷ್ಯ ಕಾಣುತ್ತಾನೆ: ಎದ್ದು ಹೋಗಿ ನೋಡಿದ್ದು, ತಂಡದ ಮಾತಿಗೆ ವಿರುದ್ಧ ನಿಂತದ್ದು, ತಪ್ಪನ್ನು ಒಪ್ಪಿಕೊಂಡದ್ದು, ಕೊರತೆಯನ್ನು ಹೆಸರಿಟ್ಟು ಹೇಳಿದ್ದು. ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕೆ ಒಂದೇ ಪ್ಯಾರಾ ಉತ್ತರ ಕೊಟ್ಟಿದೆ.

‘ನಾವು’, ‘ನಾನು’ ಎಂಬುದರ ಬಗ್ಗೆ ಇಲ್ಲಿ ಒಂದು ಮಾತು. ಚಳವಳಿ, ಸಂಘಟನೆಗಳಲ್ಲಿ ಬೆಳೆದವರು ವಿನಯದಿಂದ ಇಡೀ ಅರ್ಜಿಯನ್ನು ‘ನಾವು’ ಎಂದೇ ಬರೆಯುತ್ತಾರೆ. ಆಯ್ಕೆ ಸಮಿತಿಗೆ ಆ ಗುಂಪಿನಲ್ಲಿ ನೀವು ಎಲ್ಲಿದ್ದಿರಿ ಎಂದೇ ತಿಳಿಯುವುದಿಲ್ಲ. ಇನ್ನು ಕೆಲವರು ಊರವರೆಲ್ಲ ಸೇರಿ ಮಾಡಿದ್ದನ್ನು ‘ನಾನು’ ಎಂದು ಬರೆದು ಸಂದರ್ಶನದಲ್ಲಿ ಸಿಕ್ಕಿಬೀಳುತ್ತಾರೆ. ಕ್ರಿಯಾಪದಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದಕ್ಕೂ ‘ಇದನ್ನು ಮಾಡಿದ್ದು ಯಾರು?’ ಎಂದು ಕೇಳಿಕೊಂಡು ತಿದ್ದಿ.

ಹಾರ್ವರ್ಡ್‌ನಲ್ಲಿ ಸಂಘಟನೆ ಕಲಿಸುವ ಮಾರ್ಷಲ್ ಗ್ಯಾಂಜ್ ಅವರ ಸಾರ್ವಜನಿಕ ಕಥನದ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ನನ್ನನ್ನು ಈ ಕೆಲಸಕ್ಕೆ ತಂದದ್ದು ಏನು, ನಮ್ಮನ್ನು ಒಟ್ಟಿಗೆ ಹಿಡಿದಿರುವುದು ಏನು, ಈಗಲೇ ಯಾಕೆ. ಒಂದೊಂದಕ್ಕೂ ಮೂರು ನಾಲ್ಕು ವಾಕ್ಯ ಸಾಕು. ಬಾಲ್ಯದಿಂದ ಶುರುಮಾಡಿ ಅರ್ಧ ಪುಟ ತಿನ್ನಬೇಡಿ.

ಪ್ರಬಂಧದಲ್ಲಿ ಬರುವ ಜನರ ಬಗ್ಗೆ ಕಾಳಜಿ ಇರಲಿ. ದೌರ್ಜನ್ಯಕ್ಕೊಳಗಾದ ಮಹಿಳೆ, ಒತ್ತುವರಿ ವಿರುದ್ಧ ದೂರು ಕೊಟ್ಟ ರೈತ ಇಂಥವರ ಹೆಸರು, ಊರು, ಫೋಟೊ ಅರ್ಜಿಯಲ್ಲಿ ಬೇಡ. ಅರ್ಜಿ ಎಷ್ಟು ಜನರ ಕೈಗೆ ಹೋಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿಲ್ಲ, ತೊಂದರೆ ಬಂದರೆ ಅದು ಅವರಿಗೆ.

ಕರಡು ಮುಗಿದ ಮೇಲೆ ಇಬ್ಬರಿಗೆ ಕೊಡಿ, ಕೆಲಸ ಬಲ್ಲ ಒಬ್ಬರಿಗೆ, ಅದರ ಬಗ್ಗೆ ಏನೂ ಗೊತ್ತಿಲ್ಲದ ಇನ್ನೊಬ್ಬರಿಗೆ. ಮೊದಲನೆಯವರು ಉತ್ಪ್ರೇಕ್ಷೆ ಹಿಡಿಯುತ್ತಾರೆ, ಎರಡನೆಯವರು ಅರ್ಥವಾಗದ ಪರಿಭಾಷೆ ಹಿಡಿಯುತ್ತಾರೆ. ಕಂಪ್ಯೂಟರ್ ಉಪಕರಣದಿಂದ ಭಾಷೆ ತಿದ್ದಿಸುವವರು ತಿದ್ದಿಸಿದ ಮೇಲೆ ಮೂಲವನ್ನು ಪಕ್ಕದಲ್ಲಿಟ್ಟು ಓದಿ. ಕಸದ ಗಾಡಿ, ಮೂರು ಬೆಳಗ್ಗೆ, 340 ಮನೆ ಇಂಥವೇ ಅಲ್ಲಿ ಮೊದಲು ಮಾಯವಾಗುವುದು. ಇಂಥ ಉಪಕರಣ ಬಳಸುವುದನ್ನು ನಿಯಮ ಒಪ್ಪುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಶಿಫಾರಸು ಪತ್ರ

ದೊಡ್ಡ ಹೆಸರಿನವರಿಂದ ಬಂದ ನಾಲ್ಕು ಸಾಲಿಗಿಂತ ನಿಮ್ಮನ್ನು ದಿನವೂ ಕಂಡವರ ಒಂದು ಪುಟ ಭಾರ. ಕನಿಷ್ಠ 4 ವಾರ ಮುಂಚೆ ಕೇಳಿ. ಕೇಳುವಾಗ ‘ಬರೆದುಕೊಡುತ್ತೀರಾ?’ ಎನ್ನುವ ಬದಲು ‘ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯುವಷ್ಟು ನೋಡಿದ್ದೀರಾ?’ ಎಂದು ಕೇಳಿದರೆ ಒಲ್ಲದವರಿಗೆ ಗೌರವದಿಂದ ಹಿಂದೆ ಸರಿಯಲು ದಾರಿ ಸಿಗುತ್ತದೆ. ಒಪ್ಪಿದವರಿಗೆ ಒಂದು ಪುಟದ ಟಿಪ್ಪಣಿ ಕೊಡಿ: ಫೆಲೋಶಿಪ್ ಏನು ನೋಡುತ್ತದೆ, ಒಟ್ಟಿಗೆ ಮಾಡಿದ ಎರಡು ಕೆಲಸ, ಕೊನೆಯ ದಿನಾಂಕ, ಅಪ್‌ಲೋಡ್ ಮಾಡುವ ಕ್ರಮ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎಂದರೆ ಬೇರೆಯವರನ್ನು ಹುಡುಕಿ. ಪ್ರಬಂಧದ ಶೈಲಿಯೂ ಪತ್ರದ ಶೈಲಿಯೂ ಒಂದೇ ಎಂದು ಓದುವವರಿಗೆ ಗೊತ್ತಾಗುತ್ತದೆ.

ಸಂದರ್ಶನ

ಸಾಮಾನ್ಯವಾಗಿ ಅರ್ಧ ಗಂಟೆ, ಆನ್‌ಲೈನ್‌ನಲ್ಲಿ. ಕೆಲವು ಕಡೆ ಗುಂಪು ಚಟುವಟಿಕೆಯೂ ಇರುತ್ತದೆ. ತಯಾರಿಗೆ ಐದು ಘಟನೆ ಸಾಕು: ಒಂದು ಜಗಳ, ಒಂದು ಸೋಲು, ಅಧಿಕಾರವಿಲ್ಲದೆ ಇತರರನ್ನು ಒಪ್ಪಿಸಿದ್ದು, ಮನಸ್ಸು ಬದಲಿಸಿಕೊಂಡದ್ದು, ಈಗ ಬಗೆಹರಿಯದೆ ಇರುವುದು. ಪ್ರತಿಯೊಂದನ್ನೂ ಫೋನಿನ ಟೈಮರ್ ಇಟ್ಟು 2 ನಿಮಿಷದಲ್ಲಿ ಹೇಳಿ ಅಭ್ಯಾಸ ಮಾಡಿ. ಮೊದಲ ಸಲ 5 ನಿಮಿಷ ಆಗುತ್ತದೆ. ಕತ್ತರಿ ಬೀಳಬೇಕಾದದ್ದು ಹಿನ್ನೆಲೆಗೆ, ನಿಮ್ಮ ನಿರ್ಧಾರಕ್ಕಲ್ಲ.

ಸೋಲಿನ ಪ್ರಶ್ನೆಗೆ ‘ನಾನು ಅತಿಯಾಗಿ ಅಚ್ಚುಕಟ್ಟು ಬಯಸುತ್ತೇನೆ’ ಎಂಬಂಥ ಉತ್ತರ ಕೊಡಬೇಡಿ. ಕೇಳುವವರು ನೋಡುತ್ತಿರುವುದು ನೀವು ಕಲಿಸಿಕೊಳ್ಳಬಲ್ಲವರೇ ಎಂಬುದನ್ನು. ಗುಂಪು ಚಟುವಟಿಕೆಯಲ್ಲಿ ಹೆಚ್ಚು ಮಾತಾಡಿದವರು ಗೆಲ್ಲುತ್ತಾರೆ ಎಂಬುದು ತಪ್ಪು ಕಲ್ಪನೆ. ಸುಮ್ಮನಿದ್ದವರ ಅಭಿಪ್ರಾಯ ಕೇಳಿದವರು, ಸಮಯ ನೋಡಿ ಚರ್ಚೆಯನ್ನು ತೀರ್ಮಾನಕ್ಕೆ ತಂದವರು ಕಣ್ಣಿಗೆ ಬೀಳುತ್ತಾರೆ.

ಆಯ್ಕೆಯಾದರೆ, ಸಹಿ ಹಾಕುವ ಮುಂಚೆ

ಒಪ್ಪಂದವನ್ನು ಪೂರ್ತಿ ಓದಿ. ನಡುವೆ ಬಿಟ್ಟರೆ ಹಣ ಹಿಂದಿರುಗಿಸಬೇಕೇ? ನಿಮ್ಮ ಪ್ರಾಜೆಕ್ಟಿನ ಬರಹ, ಮಾಹಿತಿ ಯಾರ ಸ್ವತ್ತು? ನಿಮ್ಮ ಫೋಟೊ, ಸಮುದಾಯದ ಫೋಟೊ ಪ್ರಚಾರಕ್ಕೆ ಬಳಸುತ್ತಾರೆಯೇ? ಕಾರ್ಯಕ್ರಮಕ್ಕೆ ಹಣ ಕೊಡುವವರು ಯಾರು? ಗಣಿಯ ವಿರುದ್ಧ ಹೋರಾಡುವ ಸಂಘಟನೆಯ ಕಾರ್ಯಕರ್ತರು ಗಣಿ ಕಂಪನಿಯ ಹಣದಲ್ಲಿ ನಡೆಯುವ ಫೆಲೋಶಿಪ್ ಸೇರಿದರೆ ಊರಿನಲ್ಲಿ ಅವರ ಮಾತಿನ ಬೆಲೆ ಏನಾಗುತ್ತದೆ ಎಂಬುದನ್ನು ಸಂಘಟನೆಯ ಜೊತೆ ಕೂತು ತೀರ್ಮಾನಿಸಬೇಕು. ಒಬ್ಬರೇ ತೀರ್ಮಾನಿಸುವ ವಿಷಯ ಅಲ್ಲ ಅದು.

ವರ್ಷದ ಒಳಗೆ

ಒಳ್ಳೆಯ ಕಾರ್ಯಕ್ರಮಗಳ ಜೀವ ಇರುವುದು ಭಾಷಣಗಳಲ್ಲಿ ಅಲ್ಲ, ಐದಾರು ಜನರ ಸಣ್ಣ ಗುಂಪಿನಲ್ಲಿ. ಇದರ ಬೇರು ಹಳೆಯದು. 1940ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ರೆಗ್ ರೆವನ್ಸ್ ಎಂಬವರು ಗಣಿ ವ್ಯವಸ್ಥಾಪಕರನ್ನು ಹೊರಗಿನ ತಜ್ಞರ ಮುಂದೆ ಕೂರಿಸದೆ, ಒಬ್ಬರ ಸಮಸ್ಯೆಯನ್ನು ಇನ್ನೊಬ್ಬರು ಕೇಳುವಂತೆ ಸಣ್ಣ ಗುಂಪುಗಳಲ್ಲಿ ಕೂರಿಸಿದರು. ಇವತ್ತಿನ ಫೆಲೋಶಿಪ್‌ಗಳ ಸಹಪಾಠಿ ಸಮಾಲೋಚನೆ ಅದರದೇ ಕವಲು. 50 ನಿಮಿಷದ ಒಂದು ಸುತ್ತು ಹೀಗೆ ಸಾಗುತ್ತದೆ.

1. ಮೊದಲ 8 ನಿಮಿಷ ಒಬ್ಬರು ತಮ್ಮ ಗಂಟನ್ನು ಹೇಳುತ್ತಾರೆ. ಕೊನೆಯ ವಾಕ್ಯ ಪ್ರಶ್ನೆಯಾಗಿರಬೇಕು, ‘ನಾನು ಇಲ್ಲಿ ಏನನ್ನು ನೋಡುತ್ತಿಲ್ಲ?’ ಎಂಬಂತೆ.
2. 5 ನಿಮಿಷ ವಿವರಕ್ಕಾಗಿ ಪ್ರಶ್ನೆ. ಪ್ರಶ್ನೆಯ ವೇಷದ ಸಲಹೆಗೆ ಇಲ್ಲಿ ಜಾಗವಿಲ್ಲ.
3. 2 ನಿಮಿಷ ಎಲ್ಲರೂ ಸುಮ್ಮನೆ ಕೂತು ಬರೆದುಕೊಳ್ಳುತ್ತಾರೆ.
4. 20 ನಿಮಿಷ ಗುಂಪು ತನ್ನೊಳಗೇ ಮಾತಾಡುತ್ತದೆ. ಸಮಸ್ಯೆ ಹೇಳಿದವರು ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತು ಕೇಳುತ್ತಾರೆ, ಬಾಯಿ ಬಿಡುವಂತಿಲ್ಲ.
5. 10 ನಿಮಿಷ ಅವರು ತಿರುಗಿ ಕೂತು ತಟ್ಟಿದ್ದನ್ನು ಹೇಳುತ್ತಾರೆ.
6. ಕೊನೆಯ 5 ನಿಮಿಷ: ಮುಂದಿನ ಎರಡು ವಾರದಲ್ಲಿ ಮಾಡುವ ಒಂದು ಕೆಲಸ, ಯಾರ ಜೊತೆ, ಯಾವ ದಿನ.

ಕೆಡುವುದು ನಾಲ್ಕನೇ ಹಂತದಲ್ಲಿ. ಸಮಸ್ಯೆ ಹೇಳಿದವರು ತಡೆಯಲಾರದೆ ‘ಹಾಗಲ್ಲ, ಅದು...’ ಎಂದು ಸಮರ್ಥನೆಗೆ ಇಳಿಯುತ್ತಾರೆ. ಒಮ್ಮೆ ಸಮರ್ಥನೆ ಶುರುವಾದರೆ ಗುಂಪು ನಿಜ ಹೇಳುವುದನ್ನು ನಿಲ್ಲಿಸಿ ಸಮಾಧಾನ ಹೇಳತೊಡಗುತ್ತದೆ. ಬೆನ್ನು ಹಾಕಿ ಕೂರಿಸುವುದು ಇದಕ್ಕೇ. ಸಮಯ ನೋಡಲು ಒಬ್ಬರನ್ನು ಮೊದಲೇ ನೇಮಿಸಿ, ಅವರು ಚರ್ಚೆಗೆ ಸೇರಬಾರದು.

ಒಬ್ಬರಿಗೊಬ್ಬರು ಅಭಿಪ್ರಾಯ ಹೇಳಲು ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಬಳಕೆಗೆ ತಂದ ಮೂರು ತುಂಡಿನ ಕ್ರಮ ಕಲಿತುಕೊಳ್ಳಿ: ಸಂದರ್ಭ, ನಡವಳಿಕೆ, ಪರಿಣಾಮ. ‘ನೀವು ಯಾರ ಮಾತೂ ಕೇಳುವುದಿಲ್ಲ’ ಎನ್ನುವ ಬದಲು, ‘ನಿನ್ನೆಯ ಸಭೆಯಲ್ಲಿ ಬಜೆಟ್ ವಿಷಯ ಬಂದಾಗ ಅವರು ಮುಗಿಸುವ ಮುಂಚೆಯೇ ನೀವು ಮಾತು ಶುರುಮಾಡಿದಿರಿ. ಆಮೇಲೆ ಅವರು ಬಾಯಿ ತೆರೆಯಲೇ ಇಲ್ಲ.’ ಮೊದಲನೆಯದಕ್ಕೆ ಜಗಳ ಉತ್ತರ. ಎರಡನೆಯದನ್ನು ಅಲ್ಲಗಳೆಯುವುದು ಕಷ್ಟ, ತಿದ್ದಿಕೊಳ್ಳುವುದು ಸುಲಭ.

ಪ್ರಾಜೆಕ್ಟ್ ಆರಿಸುವಾಗ ಚಿಕ್ಕದನ್ನೇ ಹಿಡಿಯಿರಿ. ‘ನದಿಯ ಪುನಶ್ಚೇತನ’ ಒಂದು ಜೀವಮಾನದ ಕೆಲಸ. ‘90 ದಿನದಲ್ಲಿ ದಂಡೆಯ ಮೂರು ಬಳಕೆದಾರ ಗುಂಪುಗಳು ಒಂದೇ ಮೇಜಿಗೆ ಬಂದು ಬೇಸಿಗೆಯ ನೀರೆತ್ತುವ ವೇಳಾಪಟ್ಟಿ ಒಪ್ಪುವುದು’ ಪ್ರಾಜೆಕ್ಟ್. ಯಾರ ಯಾವ ನಿರ್ಧಾರ ಬದಲಾಗಬೇಕು ಎಂದು ಒಂದೇ ವಾಕ್ಯದಲ್ಲಿ ಬರೆಯಲಾಗದಿದ್ದರೆ ಇನ್ನೂ ಕತ್ತರಿಸಿ.

ನಾಲ್ಕೈದನೇ ತಿಂಗಳಿಗೆ ಉತ್ಸಾಹ ಇಳಿಯುತ್ತದೆ. ಮೊದಲ ಶಿಬಿರದ ಬಿಸಿ ಆರಿರುತ್ತದೆ, ಪ್ರಾಜೆಕ್ಟ್ ಹೂತಿರುತ್ತದೆ, ಬ್ಯಾಚಿನ ಉಳಿದವರೆಲ್ಲ ಮುಂದಿದ್ದಾರೆ ಎನಿಸುತ್ತದೆ. ಇದು ಎಲ್ಲರಿಗೂ ಆಗುವಂಥದು. ಕೋಚ್ ಜೊತೆಗಿನ 6 ಭೇಟಿಗಳಲ್ಲಿ ಎರಡನ್ನು ಈ ಹೊತ್ತಿಗೆಂದೇ ಉಳಿಸಿಕೊಳ್ಳಿ. ನಿದ್ದೆಗೆಡುವುದು, ಫೀಲ್ಡಿಗೆ ಹೋಗಲು ಮನಸ್ಸೇ ಬಾರದಿರುವುದು ಎರಡು ಮೂರು ವಾರ ಮುಂದುವರಿದರೆ ಅದು ಕೋಚ್ ಬಿಡಿಸುವ ವಿಷಯವಲ್ಲ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು, ಕಾರ್ಯಕ್ರಮದವರಿಗೂ ತಿಳಿಸಿ ವಿರಾಮ ಕೇಳಬೇಕು.

ಮುಗಿದ ಮೇಲೆ, ಅಥವಾ ಸಿಗದೆ ಹೋದರೆ

ಹಿಂದಿರುಗಿ ಬಂದ ಮೊದಲ ವಾರವೇ ತಂಡಕ್ಕೆ ಹೊಸ ಪದಗಳ ಪಾಠ ಮಾಡಬೇಡಿ. ನೀವು ಇಲ್ಲದಾಗ ಹೊರೆ ಹೊತ್ತವರು ಅವರು. ಮೊದಲು ಅವರಿಂದ ಕೆಲಸ ವಾಪಸು ತೆಗೆದುಕೊಳ್ಳಿ, ಆಮೇಲೆ ತಂಡದ ಯಾವುದಾದರೂ ನಿಜವಾದ ಸಮಸ್ಯೆಯ ಮೇಲೆ ಆ 50 ನಿಮಿಷದ ಸುತ್ತನ್ನು ಒಮ್ಮೆ ನಡೆಸಿ. ಬ್ಯಾಚಿನ ವಾಟ್ಸಾಪ್ ಗುಂಪು ಆರು ತಿಂಗಳಿಗೆ ಹಬ್ಬದ ಶುಭಾಶಯಕ್ಕೆ ಇಳಿಯುತ್ತದೆ. ಉಳಿಯುವುದು ದಿನಾಂಕ ಗೊತ್ತುಮಾಡಿಕೊಂಡ ನಾಲ್ಕೈದು ಜನರ ಗುಂಪು. ಕೊನೆಯ ಶಿಬಿರ ಮುಗಿಯುವ ಮುಂಚೆಯೇ ಮುಂದಿನ 6 ಭೇಟಿಗಳನ್ನು ಎಲ್ಲರ ಕ್ಯಾಲೆಂಡರಿನಲ್ಲಿ ಹಾಕಿಸಿ.

ಸಿಗದಿದ್ದರೆ ಮೂರು ದಿನ ಬಿಟ್ಟು ಒಂದು ಸಣ್ಣ ಮೇಲ್ ಹಾಕಿ: ಮುಂದಿನ ವರ್ಷಕ್ಕೆ ಯಾವ ಭಾಗ ಗಟ್ಟಿಯಾಗಬೇಕು? ಎಲ್ಲರೂ ಉತ್ತರಿಸುವುದಿಲ್ಲ, ಉತ್ತರಿಸಿದವರ ಒಂದು ಸಾಲು ಬೆಲೆಬಾಳುತ್ತದೆ. ಅದೇ ಅರ್ಜಿಯನ್ನು ದಿನಾಂಕ ಬದಲಿಸಿ ಮತ್ತೆ ಹಾಕಬೇಡಿ. ವರ್ಷದಲ್ಲಿ ಗಂಟು ಎಲ್ಲಿಗೆ ಬಂತು ಎಂಬುದನ್ನು ಹೊಸದಾಗಿ ಬರೆಯಿರಿ.

ಕಾಯುವ ಆ ವರ್ಷ ಖಾಲಿ ಹೋಗಬೇಕಾಗಿಲ್ಲ. ಬೇರೆ ಬೇರೆ ಸಂಸ್ಥೆಗಳಿಂದ ಐದು ಜನರನ್ನು ಕೂಡಿಸಿ. ಒಂದೇ ಸಂಸ್ಥೆಯ ಇಬ್ಬರು ಬೇಡ, ಮ್ಯಾನೇಜರ್ ಮತ್ತು ಕೈಕೆಳಗಿನವರು ಒಟ್ಟಿಗೆ ಬೇಡವೇ ಬೇಡ. ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ ಎಂದು ಮೊದಲ ದಿನವೇ ಬಾಯಿಬಿಟ್ಟು ಒಪ್ಪಿಕೊಳ್ಳಿ. ತಿಂಗಳಿಗೊಮ್ಮೆ 2 ಗಂಟೆ, ಸಲಕ್ಕೆ ಇಬ್ಬರ ಗಂಟು. ಮೂರನೇ ತಿಂಗಳಿಗೆ ಒಂದು ಸುತ್ತು ಪೂರ್ತಿಯಾಗಿ, ಮೊದಲು ಮಾತಾಡಿದವರ ಸರದಿ ಮತ್ತೆ ಬರುತ್ತದೆ. ಆಗ ಅವರನ್ನು ಮೊದಲು ಕೇಳಬೇಕಾದದ್ದು, ಎರಡು ವಾರದಲ್ಲಿ ಮಾಡುತ್ತೇನೆಂದು ಹೇಳಿದ್ದನ್ನು ಮಾಡಿದರೇ, ಮಾಡಿದಾಗ ಏನಾಯಿತು ಎಂದು.